ರಾಜೀನಾಮೆ ನಾವೇ ಕೊಟ್ಟೆವು ಅಂತ ಬರೆಸಿಕೊಳ್ಳುತ್ತಾರೆ. ನಿಮ್ಮ ಕಂಪನಿಯಲ್ಲೂ ಹೀಗೇನಾ?

ಬೆಳ್ಳಂದೂರು ಕೋಡಿ

ಎಲ್ಲರಿಗೂ ನಮಸ್ಕಾರ. ಈ ಫೋರಂನಲ್ಲಿ ನಾನು ಬರೆಯುವುದು ಕಡಿಮೆ, ಓದುವುದೇ ಜಾಸ್ತಿ. ಆದರೆ ಕಳೆದ ಮಂಗಳವಾರದಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನಿಸಿದೆ.

ಹೊರ ವರ್ತುಲ ರಸ್ತೆಯ ಒಂದು ಟೆಕ್ ಪಾರ್ಕಿನಲ್ಲಿ ನನ್ನ ಕೆಲಸ. ಹೆಡ್ ಆಫೀಸ್ ವಿದೇಶದಲ್ಲಿದೆ. ಕಂಪನಿಯ ಹೆಸರು ಬೇಡ. ನಾನು ಸೇರಿ 11 ವರ್ಷ ಆಯಿತು. ಪಕ್ಕದ ಡೆಸ್ಕಿನ ಗೆಳೆಯ ಸೇರಿ 9 ವರ್ಷ. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂದ. ಟಿಫಿನ್ ಡಬ್ಬಿ ಡೆಸ್ಕ್ ಮೇಲಿಟ್ಟ. 'ಮಾವಿನಕಾಯಿ ಚಿತ್ರಾನ್ನ, ಮಧ್ಯಾಹ್ನ ಎಲ್ಲೂ ಹೋಗಬೇಡ' ಅಂದ. ಹತ್ತು ಗಂಟೆ ಹತ್ತು ನಿಮಿಷಕ್ಕೆ ಅವನಿಗೊಂದು ಮೀಟಿಂಗ್ ಕರೆ ಬಂತು. 15 ನಿಮಿಷದ್ದು. ಕರೆದವರು ನಾವ್ಯಾರೂ ಯಾವತ್ತೂ ಮುಖ ನೋಡದ ಒಬ್ಬ ಎಚ್‌ಆರ್.

ವಾಪಸ್ ಬಂದಾಗ ಹತ್ತೂ ಐವತ್ತು. ಕುರ್ಚಿಯಲ್ಲಿ ಕೂತ. ಏನೂ ಮಾತಾಡಲಿಲ್ಲ. ಆಮೇಲೆ ಫೋನ್ ತೋರಿಸಿದ. ರಾಜೀನಾಮೆ ಪತ್ರದ ಒಕ್ಕಣೆ ಅವರೇ ಬರೆದು ಕಳಿಸಿದ್ದರು. 'ವೈಯಕ್ತಿಕ ಕಾರಣಗಳಿಂದ' ಅಂತ ಇತ್ತು. ಅದನ್ನು ತನ್ನ ಮೇಲ್‌ನಿಂದ ಊಟದ ಹೊತ್ತಿನೊಳಗೆ ಕಳಿಸಬೇಕಂತೆ. ಕಳಿಸಿದರೆ ಎರಡು ತಿಂಗಳ ಸಂಬಳ, ಒಳ್ಳೆಯ ರಿಲೀವಿಂಗ್ ಲೆಟರ್. ಕಳಿಸದಿದ್ದರೆ 'ಕೆಲಸ ಸರಿಯಿಲ್ಲದ ಕಾರಣ ವಜಾ' ಅಂತ ಬರೆಯುತ್ತಾರಂತೆ. ಹನ್ನೆರಡು ನಲವತ್ತಕ್ಕೆ ಕಳಿಸಿದ. ಒಂದು ಗಂಟೆಗೆ ಲ್ಯಾಪ್‌ಟಾಪ್ ತಾನಾಗಿ ಲಾಕ್ ಆಯಿತು. ಸೆಕ್ಯುರಿಟಿಯವರು ಕೆಳಗಿನವರೆಗೆ ಬಿಟ್ಟು ಬಂದರು.

ಡಬ್ಬಿ ಡೆಸ್ಕ್ ಮೇಲೇ ಉಳಿದಿತ್ತು. ಸಂಜೆ ನಾನೇ ಅವನ ಮನೆಗೆ ತಗೊಂಡು ಹೋದೆ. ಅವನ ಹೆಂಡತಿ ಬಾಗಿಲು ತೆಗೆದು, 'ಇವತ್ತು ಬೇಗ ಬಂದ್ರು, ಹುಷಾರಿಲ್ವಾ ಕೇಳಿದ್ರೆ ಏನೂ ಹೇಳ್ತಿಲ್ಲ' ಅಂದರು. ಅವರಿಗೆ ಅವನು ಇನ್ನೂ ಹೇಳಿರಲಿಲ್ಲ.

ಹಿಂದಿನ ಎರಡು ವರ್ಷ ಅವನ ರೇಟಿಂಗ್ 'ನಿರೀಕ್ಷೆಗಿಂತ ಹೆಚ್ಚು'. ಈ ವರ್ಷ ದಿಢೀರನೆ 'ಸುಧಾರಣೆ ಬೇಕು'. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಪ್ರೊಡಕ್ಷನ್, ಅಂದರೆ ಗ್ರಾಹಕರು ಬಳಸುವ ಸಿಸ್ಟಮ್ಮೇ ಬಿದ್ದುಹೋಗಿತ್ತು. ಬೆಳಗಿನ ಜಾವ ಮೂರರ ತನಕ ಕೂತು ಅದನ್ನು ಎತ್ತಿ ನಿಲ್ಲಿಸಿದವನು ಇವನೇ. ನಾನು ಆ ಕಾಲ್‌ನಲ್ಲಿದ್ದೆ.

ಗುರುವಾರ ಟೌನ್‌ಹಾಲ್, ಅಂದರೆ ಇಡೀ ಕಂಪನಿಯ ಸಭೆ ಇತ್ತು. ದೊಡ್ಡವರು ವಿಡಿಯೋದಲ್ಲಿ ಬಂದರು. 'ನಾವೆಲ್ಲ ಒಂದು ಕುಟುಂಬ. ನಮ್ಮಲ್ಲಿ ಲೇಆಫ್ ಇಲ್ಲ' ಅಂದರು. ಪ್ರಶ್ನೆ ಕೇಳಲು ಒಂದು ಪಟ್ಟಿ ಇರುತ್ತದೆ, ಹೆಸರಿಲ್ಲದೆ ಕೇಳಬಹುದು, ಇಷ್ಟವಾದ ಪ್ರಶ್ನೆಗೆ ಮತ ಹಾಕಬಹುದು. 'ಈ ವಾರ ಬೆಂಗಳೂರಿನಲ್ಲಿ ಎಷ್ಟು ಜನರಿಂದ ರಾಜೀನಾಮೆ ಬರೆಸಿಕೊಂಡಿರಿ?' ಅನ್ನುವ ಪ್ರಶ್ನೆ ಎಲ್ಲಕ್ಕಿಂತ ಮೇಲಿತ್ತು. 212 ಮತ. ನೋಡುತ್ತಿದ್ದ ಹಾಗೇ ಪಟ್ಟಿಯಿಂದ ತೆಗೆದುಹಾಕಿದರು. ನಂತರ ಕ್ಯಾಂಟೀನಿನ ಹೊಸ ಮೆನು ಬಗ್ಗೆ ಐದು ನಿಮಿಷ ಮಾತಾಡಿದರು.

ಕೆಲಸ ಜಾಸ್ತಿ ಅಂತ ನನ್ನ ದೂರಲ್ಲ. ಕೆಲಸ ಮಾಡೋಣ. ಜನ ಕಡಿಮೆ ಮಾಡಲೇಬೇಕಾದ ಕಾಲವೂ ಬರುತ್ತದೆ, ಒಪ್ಪುತ್ತೇನೆ. ಹಾಗಾದರೆ 'ಖರ್ಚು ಕಡಿಮೆ ಮಾಡಬೇಕಿದೆ' ಅಂತ ನೇರವಾಗಿ ಹೇಳಲಿ. ಒಂಬತ್ತು ವರ್ಷ ದುಡಿದವನಿಗೆ 'ನಿನ್ನ ಕೆಲಸ ಚೆನ್ನಾಗಿಲ್ಲ' ಅಂತ ಸುಳ್ಳು ಹೇಳಿ, ಆ ಸುಳ್ಳನ್ನು ಅವನ ಕೈಯಲ್ಲೇ ಬರೆಸುವುದು ಯಾವ ನ್ಯಾಯ? ಗೆಳೆಯ ಈಗ ಅದನ್ನು ನಂಬಲು ಶುರು ಮಾಡಿದ್ದಾನೆ. ನಿನ್ನೆ ಫೋನಿನಲ್ಲಿ, 'ನಿಜವಾಗಲೂ ನಾನು ಹಿಂದೆ ಬಿದ್ದಿದ್ದೆನಾ?' ಅಂತ ಕೇಳಿದ.

ನಿಮ್ಮಲ್ಲೂ ಹೀಗೆ ಆಗಿದೆಯಾ? ಈಗ ಏನಾದರೂ ಮಾಡಲು ಸಾಧ್ಯವಾ?

ವೈಟ್‌ಫೀಲ್ಡ್ ಮೆಟ್ರೋ

ಆಗಿದೆ. ನಮ್ಮಲ್ಲಿ ಊಟದ ತನಕವೂ ಕಾಯಲಿಲ್ಲ, 20 ನಿಮಿಷ ಕೊಟ್ಟರು. ರೂಮಿನಿಂದ ಹೊರಗೆ ಬಿಡಲೇ ಇಲ್ಲ. ನಿಮ್ಮ ಗೆಳೆಯನಿಗೆ ಒಂದು ಮಾತು ಹೇಳಿ. ಹೊಸ ಕೆಲಸ ಸಿಗಲು ನನಗೆ ಐದು ತಿಂಗಳು ಬೇಕಾಯಿತು. ಆದರೆ ಆ ಸಂದರ್ಶನಗಳಲ್ಲಿ ಯಾರೂ ನನ್ನ ಕೊನೆಯ ರೇಟಿಂಗ್ ಕೇಳಲಿಲ್ಲ. ಮಾಡಿದ ಕೆಲಸ ಕೇಳಿದರು. ಅದು ನಮ್ಮ ತಲೆಯಲ್ಲೇ ಇರುತ್ತದೆ, ಅದನ್ನು ಲಾಕ್ ಮಾಡಲು ಆಗುವುದಿಲ್ಲ.

ಎಂಟು ಜನರ ಟೀಮ್

ನಾನು ಮ್ಯಾನೇಜರ್. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಆ 'ಸುಧಾರಣೆ ಬೇಕು' ಹೇಗೆ ಹುಟ್ಟುತ್ತದೆ ಹೇಳುತ್ತೇನೆ. ವರ್ಷಕ್ಕೊಮ್ಮೆ ಮ್ಯಾನೇಜರುಗಳೆಲ್ಲ ಒಂದು ರೂಮಿನಲ್ಲಿ ಕೂರುತ್ತೇವೆ. ಪರದೆ ಮೇಲೆ ಎಕ್ಸೆಲ್. ಎಲ್ಲರ ಹೆಸರು, ಮುಂದೆ ಬಣ್ಣ. ಕೊನೆಯ ಕಾಲಂನಲ್ಲಿ ಶೇಕಡಾ 10 ಮಂದಿ ಕೆಂಪಾಗಲೇಬೇಕು. ಮೇಲಿನಿಂದ ಬರುವುದು ಸಂಖ್ಯೆ ಮಾತ್ರ, ಹೆಸರು ನಾವು ಕೊಡಬೇಕು. ನನ್ನ ಟೀಮಿನಲ್ಲಿ ಎಂಟು ಜನ. ಎಂಟೂ ಜನ ಚೆನ್ನಾಗಿ ಕೆಲಸ ಮಾಡುತ್ತಾರೆ. ಮೊದಲ ಮೀಟಿಂಗಿನಲ್ಲಿ ಯಾರ ಹೆಸರೂ ಕೊಡುವುದಿಲ್ಲ ಅಂದೆ. ಎರಡನೆಯದರಲ್ಲೂ ಅದನ್ನೇ ಹೇಳಿದೆ. ಮೂರನೆಯ ಸಲ ನಮ್ಮ ಡೈರೆಕ್ಟರ್, 'ಹೆರಿಗೆ ರಜೆ ಮುಗಿಸಿ ಬಂದವರಿದ್ದಾರಲ್ಲ, ಈ ವರ್ಷ ಅವರ ಕೊಡುಗೆ ಕಡಿಮೆ ಅಲ್ವಾ?' ಅಂದರು. ನಾನು ಖಡಾಖಂಡಿತವಾಗಿ ಆಗುವುದಿಲ್ಲ ಅಂದೆ. ಹೆರಿಗೆ ರಜೆ 26 ವಾರ ಅಂತ 2017ರಿಂದ ಕಾನೂನೇ ಇದೆ. ರಜೆಗೆ ಹೋದದ್ದನ್ನೇ ತಪ್ಪು ಅಂತ ಎಣಿಸುವುದು ಹೇಗೆ?

'ಹಾಗಾದರೆ ಬೇರೆ ಯಾರು?' ಅಂದರು. ನಾನು ಆಗಷ್ಟೇ ಸೇರಿದ್ದ ಒಬ್ಬ ಹುಡುಗನ ಹೆಸರು ಹೇಳಿದೆ. ಅವನು ಬಂದು ನಾಲ್ಕು ತಿಂಗಳು. ಅವನ ಕೆಲಸ ಹೇಗಿದೆ ಅಂತ ಹೇಳುವಷ್ಟು ನಾನಿನ್ನೂ ನೋಡಿರಲಿಲ್ಲ. ಪರಿಚಯ ಕಡಿಮೆ ಇದ್ದವನು, ಅಷ್ಟೇ ಕಾರಣ. ಅವನ ಊರು ಶಿರಸಿ ಹತ್ತಿರ. ಕೊನೆಯ ದಿನ ಬಂದು, 'ಸರ್, ಯಾವುದನ್ನು ಕಲಿಯಬೇಕಿತ್ತು ಅಂತ ಹೇಳಿದ್ರೆ ಮುಂದೆ ತಿದ್ದಿಕೊಳ್ತೀನಿ' ಅಂತ ನೋಟ್‌ಬುಕ್ ತೆಗೆದು ಪೆನ್ ಹಿಡಿದು ಕೂತ. ನನಗೆ ಬರೆಸಲು ಏನೂ ಇರಲಿಲ್ಲ.

ಇದು ಹೊಸ ಪದ್ಧತಿಯೇನಲ್ಲ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಜಾಕ್ ವೆಲ್ಚ್ ಇದ್ದ ಕಾಲದಲ್ಲಿ ಶೇಕಡಾ 20, 70, 10 ಅಂತ ಜನರನ್ನು ಭಾಗ ಮಾಡಿ, ಕೊನೆಯ 10ನ್ನು ಹೊರಗೆ ಕಳಿಸುತ್ತಿದ್ದರು. ಮೈಕ್ರೋಸಾಫ್ಟ್ ಕೂಡ ವರ್ಷಗಟ್ಟಲೆ ಇಂಥದ್ದೇ ಪದ್ಧತಿ ಇಟ್ಟುಕೊಂಡಿತ್ತು, 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಪಕ್ಕದಲ್ಲಿ ಕೂತವನು ಬಿದ್ದರೆ ಮಾತ್ರ ನಾನು ಉಳಿಯುತ್ತೇನೆ ಅಂತಾದರೆ ಯಾರು ಯಾರಿಗೆ ಕೆಲಸ ಕಲಿಸುತ್ತಾರೆ ಹೇಳಿ? ನಮ್ಮ ಕಂಪನಿಯಲ್ಲಿ ಬೆಲ್ ಕರ್ವ್ (ಇಂತಿಷ್ಟು ಜನರಿಗೆ ಕಡಿಮೆ ರೇಟಿಂಗ್ ಕೊಡಲೇಬೇಕು ಅನ್ನುವ ಲೆಕ್ಕ) ಇಲ್ಲ ಅಂತ ಎಚ್‌ಆರ್ ಪೋರ್ಟಲ್‌ನಲ್ಲಿ ಬರೆದಿದೆ. ಆ ಎಕ್ಸೆಲ್ ಮಾತ್ರ ಪ್ರತಿ ವರ್ಷ ಬರುತ್ತದೆ.

ಎರಡೂ ಕಡೆ ನೋಡಿ

ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು. 2021ರಲ್ಲಿ ನಾವು ಏನು ಮಾಡಿದೆವು? ಒಂದು ಆಫರ್ ಹಿಡಿದುಕೊಂಡು ಇನ್ನೊಂದು, ಅದನ್ನು ತೋರಿಸಿ ಮತ್ತೊಂದು. ಸೇರುತ್ತೇವೆ ಅಂತ ಹೇಳಿ ಆ ದಿನ ಫೋನ್ ಆಫ್ ಮಾಡಿದವರು ನನ್ನ ಗೆಳೆಯರಲ್ಲೇ ಇದ್ದಾರೆ. ಅವತ್ತು ಕಂಪನಿಗೂ ನಷ್ಟವಾಗಿತ್ತು. ಮಾರುಕಟ್ಟೆ ನಮ್ಮ ಕಡೆ ಇದ್ದಾಗ ನಿಯಮ ಬೇಡ, ಅವರ ಕಡೆ ಹೋದಾಗ ಬೇಕು ಅಂದರೆ ಹೇಗೆ?

ಬೆಳ್ಳಂದೂರು ಕೋಡಿ

ಫೋನ್ ಆಫ್ ಮಾಡಿದ್ದು ತಪ್ಪೇ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅವರ ತಪ್ಪಿನ ಲೆಕ್ಕವನ್ನು ಒಂಬತ್ತು ವರ್ಷ ಒಂದೇ ಕಡೆ ಇದ್ದವನ ತಲೆ ಮೇಲೆ ಹಾಕುವುದು ಸರಿಯಾ?

ಇನ್ನೊಂದು. ನಮ್ಮ ಆಫರ್ ಲೆಟರಿನಲ್ಲಿ ನೋಟಿಸ್ ಅವಧಿ 90 ದಿನ. ನಾವು ಬಿಡುವಾಗ ಒಂದು ದಿನ ಕಡಿಮೆ ಆದರೂ ರಿಲೀವಿಂಗ್ ಲೆಟರ್ ತಡೆಹಿಡಿಯುತ್ತಾರೆ. ತಂಗಿಯ ಮದುವೆ ಇದೆ, ಹತ್ತು ದಿನ ಬೇಗ ಬಿಡಿ ಅಂತ ಬೇಡಿಕೊಂಡವನೊಬ್ಬನಿಗೂ ಬಿಡಲಿಲ್ಲ. ಇವನಿಗೆ ಸಿಕ್ಕಿದ್ದು ಬೆಳಿಗ್ಗೆಯಿಂದ ಊಟದ ತನಕ.

ಹಿಂದೆ ಎಚ್‌ಆರ್‌ನಲ್ಲಿದ್ದೆ

ಐದು ವರ್ಷ ಎಚ್‌ಆರ್‌ನಲ್ಲಿದ್ದೆ, ಅಂಥ ರೂಮುಗಳಲ್ಲಿ ನಾನೂ ಕೂತಿದ್ದೇನೆ. ಮೂರನೆಯ ಸಲ ಒಬ್ಬ ಹೆಂಗಸು ನನ್ನೆದುರು ಅತ್ತ ದಿನ ಬಿಡಬೇಕು ಅಂತ ತೀರ್ಮಾನ ಮಾಡಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕೆಲವರಿಗಾದರೂ ಉಪಯೋಗಕ್ಕೆ ಬರಲಿ.

ವಜಾ ಮಾಡುವ ಅಧಿಕಾರ ಅವರಿಗೇ ಇದ್ದರೂ ರಾಜೀನಾಮೆಯೇ ಬೇಕು ಅಂತ ಯಾಕೆ ಹಟ ಹಿಡಿಯುತ್ತಾರೆ? ಜನ ಹೆಚ್ಚಾದರು ಅಂತ ಕಂಪನಿ ತೆಗೆದರೆ ಅದಕ್ಕೆ ಕಾನೂನಿನಲ್ಲಿ ಹೆಸರು ರಿಟ್ರೆಂಚ್‌ಮೆಂಟ್. ಒಂದು ವರ್ಷ ಪೂರೈಸಿದ ಕೆಲಸಗಾರನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಸರ್ಕಾರಕ್ಕೆ ತಿಳಿಸಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ನೌಕರನೇ ರಾಜೀನಾಮೆ ಕೊಟ್ಟರೆ ಇದ್ಯಾವುದೂ ಇಲ್ಲ. ಪತ್ರಿಕೆಯಲ್ಲಿ ಸುದ್ದಿಯೂ ಬರುವುದಿಲ್ಲ. ಹೆಡ್ ಆಫೀಸಿನ ಲೆಕ್ಕದಲ್ಲಿ 'ಬಿಟ್ಟುಹೋದವರು' ಅನ್ನುವ ಕಾಲಂಗೆ ಸೇರುತ್ತದೆ.

'ಇದೆಲ್ಲ ಫ್ಯಾಕ್ಟರಿಯವರಿಗೆ, ನಮಗಲ್ಲ' ಅಂತ ನಮ್ಮ ಐಟಿ ಜನವೇ ನಂಬಿಕೊಂಡಿದ್ದಾರೆ. ಅದು ತಪ್ಪು. ಮುಖ್ಯವಾಗಿ ಮ್ಯಾನೇಜರ್ ಕೆಲಸ, ಆಡಳಿತದ ಕೆಲಸ ಮಾಡುವವರು ಈ ರಕ್ಷಣೆಯ ಹೊರಗೆ. ತಾಂತ್ರಿಕ ಕೆಲಸ ಮಾಡುವವರು ಒಳಗೆ. ವಿಸಿಟಿಂಗ್ ಕಾರ್ಡಿನಲ್ಲಿ ಏನಿದೆ ಅನ್ನುವುದಕ್ಕಿಂತ ದಿನವಿಡೀ ನೀವು ಮಾಡುವ ಕೆಲಸ ಏನು ಅನ್ನುವುದನ್ನು ನೋಡುತ್ತಾರೆ. ಕೋಡ್ ಬರೆಯುವವನ ಹುದ್ದೆಗೆ 'ಲೀಡ್' ಅಂತ ಬಾಲ ಸೇರಿಸಿದ ಮಾತ್ರಕ್ಕೆ ಅವನು ಮ್ಯಾನೇಜರ್ ಆಗುವುದಿಲ್ಲ.

ಕರ್ನಾಟಕದ ವಿಷಯ ಇನ್ನೊಂದಿದೆ. ಕೆಲಸದ ನಿಯಮ, ಶಿಸ್ತುಕ್ರಮಗಳನ್ನು ಕಂಪನಿ ಬರೆದಿಡಬೇಕು ಅನ್ನುವ ಹಳೆಯ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತಾ ಬಂದಿದ್ದಾರೆ. 2024ರ ಮಾರ್ಚ್‌ನಲ್ಲಿ ಅದನ್ನು ಇನ್ನೂ 5 ವರ್ಷ ಮುಂದುವರಿಸಿದರು. ಸುಮ್ನೆ ಕೊಟ್ಟದ್ದಲ್ಲ, ಷರತ್ತುಗಳಿವೆ. ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರು ಎಷ್ಟೋ ನೌಕರರೂ ಅಷ್ಟೇ ಇರಬೇಕು. ಅಮಾನತು, ವಜಾ, ಹಿಂಬಡ್ತಿ ಆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ನಿಮ್ಮ ಕಂಪನಿಯ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಒಂದು ಮೇಲ್ ಹಾಕಿ ಕೇಳಿ. ನಾನಿದ್ದ ಕಡೆ ಅಂಥ ಸಮಿತಿ ಇರುವುದು ಎಚ್‌ಆರ್‌ನವರಾದ ನಮಗೇ ಗೊತ್ತಿರಲಿಲ್ಲ.

ಆ ರೂಮಿಗೆ ಕರೆದಾಗ ಒಂದೇ ಮಾತು ನೆನಪಿಡಿ: 'ಯೋಚಿಸಿ, ಬರವಣಿಗೆಯಲ್ಲಿ ಉತ್ತರ ಕೊಡುತ್ತೇನೆ.' ಅಷ್ಟು ಹೇಳಿ ಎದ್ದು ಬನ್ನಿ. ಯಾರೂ ಹಿಡಿದು ಕೂರಿಸುವ ಹಾಗಿಲ್ಲ. ಅವತ್ತು ಏನು ಮಾತಾಯಿತು, ಯಾರಿದ್ದರು, ಎಷ್ಟು ಗಂಟೆ ಅಂತ ಸಂಜೆಯೊಳಗೆ ನಿಮ್ಮ ಸ್ವಂತ ಮೇಲ್‌ನಿಂದ ಬರೆದು ಕಳಿಸಿ. ನೇಮಕಾತಿ ಪತ್ರ, ರೇಟಿಂಗ್ ಪತ್ರ, ಪೇಸ್ಲಿಪ್, ಫಾರಂ 16 ಇವೆಲ್ಲ ಇವತ್ತೇ ನಿಮ್ಮ ಹತ್ತಿರ ಇರಲಿ. ಕಂಪನಿಯ ಕೋಡ್, ಗ್ರಾಹಕರ ಮಾಹಿತಿ ಮಾತ್ರ ಮುಟ್ಟಬೇಡಿ. ಅದೊಂದೇ ಸಾಕು, ತಪ್ಪು ನಿಮ್ಮ ಮೇಲೆ ತಿರುಗುತ್ತದೆ.

ಅಪ್ಪ ಅಮ್ಮ ಕಂಪನಿಯ ವಿಮೆಯಲ್ಲಿದ್ದರೆ ಅದನ್ನು ಮೊದಲು ನೋಡಿ. ಕೊನೆಯ ದಿನಕ್ಕೆ ಅದೂ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ, ತಡಮಾಡದೆ ಕೇಳಿ. ಹಾಗೆಯೇ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರ ಪ್ರಕಾರ ಬಿಟ್ಟುಹೋದವರ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 45 ದಿನ ಕಾಯಿರಿ ಅಂದರೆ ಒಪ್ಪಿಕೊಳ್ಳಬೇಡಿ.

ಇಸಾರ್ ದಂಡೆ

ನಾನು ಮ್ಯೂನಿಕ್‌ನಲ್ಲಿದ್ದೇನೆ, ಮೂಲ ಮಂಡ್ಯ. ಮೇಲ್‌ನಲ್ಲಿ ರಾಜೀನಾಮೆ ಬರೆಸಿಕೊಂಡರು ಅಂತ ಓದಿ ಎರಡು ಸಲ ನೋಡಿದೆ. ಜರ್ಮನಿಯಲ್ಲಿ ಮೇಲ್‌ನಲ್ಲಿ ಕಳಿಸಿದ ರಾಜೀನಾಮೆ ನಡೆಯುವುದಿಲ್ಲ. ಕಂಪನಿ ತೆಗೆಯುವುದಾದರೂ ಅಷ್ಟೇ, ಇಬ್ಬರೂ ಒಪ್ಪಿ ಬೇರೆಯಾಗುವುದಾದರೂ ಅಷ್ಟೇ, ಕಾಗದದ ಮೇಲೆ ಶಾಯಿಯ ಸಹಿ ಬೇಕು. ಐದು ಜನ ನೌಕರರಿದ್ದರೆ ಸಾಕು, ನೌಕರರ ಮಂಡಳಿ ಆರಿಸಿಕೊಳ್ಳಬಹುದು. ಬೆಟ್ರೀಬ್ಸ್‌ರಾಟ್ ಅನ್ನುತ್ತಾರೆ. ಮಂಡಳಿ ಇರುವ ಕಡೆ ಒಬ್ಬರನ್ನು ತೆಗೆಯಬೇಕಾದರೂ ಮೊದಲು ಅದರ ಅಭಿಪ್ರಾಯ ಕೇಳಲೇಬೇಕು. ಕೇಳದೆ ತೆಗೆದರೆ ಅದು ಊರ್ಜಿತವಲ್ಲ.

ಇಲ್ಲೂ ಜನರನ್ನು ತೆಗೆಯುತ್ತಾರೆ. ನಮ್ಮ ಆಫೀಸಿನಲ್ಲೇ ಹೋದ ವರ್ಷ ತೆಗೆದರು. ಆದರೆ ಯಾಕೆ, ಎಷ್ಟು ಜನ, ಯಾವ ಕ್ರಮದಲ್ಲಿ ಅಂತ ಮಂಡಳಿಯವರು ಎದುರು ಕೂತು ಕೇಳಿದರು, ಉತ್ತರ ಬಂತು. ನಮ್ಮ ಬೆಂಗಳೂರು ಶಾಖೆಯಲ್ಲೂ ಅದೇ ತಿಂಗಳು ತೆಗೆದರು. ಅಲ್ಲಿನ ನನ್ನ ಸಹೋದ್ಯೋಗಿಯ ಹೆಸರು ಒಂದು ಬೆಳಿಗ್ಗೆ ಚಾಟ್‌ನಲ್ಲಿ ಬೂದು ಬಣ್ಣವಾಗಿತ್ತು. ಅವರು ಎಲ್ಲಿ ಅಂತ ಕೇಳಿದರೆ 'ವೈಯಕ್ತಿಕ ಕಾರಣ' ಅಂದರು. ಅದೇ ಕಂಪನಿ, ಅದೇ ಮೇಲಧಿಕಾರಿಗಳು. ನನಗೆ ಅದು ಇನ್ನೂ ಸಂಕಟ.

ಉಣಕಲ್ ಕೆರೆ

ನಂದು ಬೇರೆ ಥರ, ಆದರೆ ತಲುಪಿದ್ದು ಅಲ್ಲಿಗೇ.

2020ರಲ್ಲಿ ಹುಬ್ಬಳ್ಳಿಗೆ ವಾಪಸ್ ಬಂದೆ. ಮನೆಯಿಂದಲೇ ಕೆಲಸ, ಇದು ಶಾಶ್ವತ ಅಂತ ಮೇಲ್ ಬಂದಿತ್ತು. ಆ ಮೇಲ್ ನಂಬಿ ಇಲ್ಲಿ ಮನೆ ಸಾಲ ಮಾಡಿದೆ. ಅವ್ವನಿಗೆ ಮೊಣಕಾಲು ಆಪರೇಷನ್ ಆಗಿದೆ, ನಾನೇ ನೋಡಿಕೊಳ್ಳುವುದು. ಹೋದ ವರ್ಷ ಒಂದು ಶುಕ್ರವಾರ ಸಂಜೆ ಇನ್ನೊಂದು ಮೇಲ್. ಮುಂದಿನ ತಿಂಗಳಿಂದ ವಾರಕ್ಕೆ ಐದು ದಿನ ಬೆಂಗಳೂರು ಆಫೀಸಿಗೆ ಬರಬೇಕು. ಕಾರಣ 'ಒಟ್ಟಿಗೆ ಕೂತು ಕೆಲಸ ಮಾಡುವ ಸಂಸ್ಕೃತಿ'. ನನ್ನ ಟೀಮಿನವರು ಇರುವುದು ಪೋಲೆಂಡ್ ಮತ್ತು ಅಮೆರಿಕದಲ್ಲಿ. ಬೆಂಗಳೂರಿನಲ್ಲಿ ಒಬ್ಬರೂ ಇಲ್ಲ. ಆಫೀಸಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಅದೇ ವಿಡಿಯೋ ಕಾಲ್ ಮಾಡಬೇಕು.

ಎರಡು ತಿಂಗಳು ಹೋದೆ. ಪಿಜಿಯಲ್ಲಿ ಉಳಿದೆ, ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ, ಭಾನುವಾರ ರಾತ್ರಿ ವಾಪಸ್. ಒಂದು ಸೋಮವಾರ ಬಸ್ ತಡವಾಗಿ ಹನ್ನೊಂದಕ್ಕೆ ಕಾರ್ಡ್ ಉಜ್ಜಿದೆ. ಅದಕ್ಕೂ ಮೇಲ್ ಬಂತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದ ದಿನ ನಾನು ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿದ್ದೆ. ಮರುದಿನ ರಾಜೀನಾಮೆ ಬರೆದೆ. ನನ್ನಿಂದ ಯಾರೂ ಒತ್ತಾಯ ಮಾಡಿ ಬರೆಸಲಿಲ್ಲ. ಆದರೆ ಅದು ನಾನಾಗಿ ಕೊಟ್ಟದ್ದು ಅಂತ ನನ್ನ ಮನಸ್ಸು ಒಪ್ಪುವುದಿಲ್ಲ.

ವಾರಕ್ಕೆ 70 ಗಂಟೆ ದುಡಿಯಿರಿ ಅಂತ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದರು. 90 ಗಂಟೆ ಅಂತ ಎಲ್ ಅಂಡ್ ಟಿ ಅಧ್ಯಕ್ಷರ ಮಾತು 2025ರ ಜನವರಿಯಲ್ಲಿ ಹೊರಬಂತು. ಆ ಗಂಟೆಗಳಲ್ಲಿ ಅವ್ವನಿಗೆ ಊಟ ಕೊಡುವವರು ಯಾರು, ಬಸ್ಸಿನಲ್ಲಿ ಕಳೆಯುವ ರಾತ್ರಿ ಯಾವ ಲೆಕ್ಕಕ್ಕೆ, ಅದನ್ನು ಯಾರಾದರೂ ಅವರಿಗೆ ಕೇಳಬೇಕು.

ಸದಸ್ಯತ್ವ ಇದೆ

ನಾನು ಕಿಟು ಸದಸ್ಯ. ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘ. 2017ರಲ್ಲಿ ನೋಂದಣಿ ಆಯಿತು. 2024ರ ಜುಲೈನಲ್ಲಿ ದಿನಕ್ಕೆ 12 ಗಂಟೆಗೂ ಮೀರಿ, ಮೂರು ತಿಂಗಳಿಗೆ 125 ಗಂಟೆಯವರೆಗೆ ಹೆಚ್ಚುವರಿ ಕೆಲಸ ಮಾಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ವಿರೋಧಿಸಿ ನಿಂತದ್ದು ಈ ಸಂಘ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿಯಲ್ಲೇ ಇರುವ ಹಕ್ಕು. ಆದರೂ ನಮ್ಮವರಿಗೆ ಭಯ. ಸೇರಿದರೆ ಎಚ್‌ಆರ್‌ಗೆ ಗೊತ್ತಾಗುತ್ತದೆ, ಬೇರೆ ಕಡೆ ಕೆಲಸ ಸಿಗುವುದಿಲ್ಲ ಅಂತ. ಆ ಭಯ ನನಗೂ ಇತ್ತು. ಈಗ ಆರು ವರ್ಷ ಆಯಿತು, ನಡುವೆ ಎರಡು ಸಲ ಕೆಲಸ ಬದಲಾಯಿಸಿದ್ದೇನೆ.

ದೂರು ಕೊಡಲು ಒಬ್ಬನೇ ಹೋಗಬೇಡ ಅಂತ ಗೆಳೆಯನಿಗೆ ಹೇಳಿ. ಅವತ್ತು ಆ ರೂಮಿಗೆ ಹೋದವರು ಇನ್ನೂ ಕೆಲವರು ಇರಬೇಕು. ಹುಡುಕಿ.

ಬೆಳ್ಳಂದೂರು ಕೋಡಿ

ಹುಡುಕಿದೆವು. ನಮ್ಮ ಮಹಡಿಯಿಂದ ಏಳು ಜನ. ಯಾರೂ ಯಾರಿಗೂ ಹೇಳಿರಲಿಲ್ಲ. ಏಳೂ ಜನರ ಮೇಲ್‌ನಲ್ಲಿ ಅದೇ 'ವೈಯಕ್ತಿಕ ಕಾರಣಗಳಿಂದ', ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ. ಏಳೂ ಮೇಲ್ ಒಂದೇ ದಿನ, ಎರಡೂವರೆ ಗಂಟೆಯೊಳಗೆ ಹೋಗಿವೆ.

ಶನಿವಾರ ಐದು ಜನ ಎಚ್‌ಎಸ್‌ಆರ್ ಬಡಾವಣೆಯ ಒಂದು ದರ್ಶಿನಿಯಲ್ಲಿ ಸೇರಿದೆವು. ಮೇಲೆ ಎಚ್‌ಆರ್‌ನಲ್ಲಿದ್ದವರು ಬರೆದದ್ದನ್ನು ಓದಿ ಹೇಳಿದೆ. ಒತ್ತಡದಲ್ಲಿ ಬರೆಸಿಕೊಂಡದ್ದು, ಹಿಂತೆಗೆದುಕೊಳ್ಳುತ್ತಿದ್ದೇವೆ, ರೇಟಿಂಗ್‌ಗೆ ಲಿಖಿತ ಕಾರಣ ಕೊಡಿ ಅಂತ ಪ್ರತಿಯೊಬ್ಬರೂ ಬೇರೆ ಬೇರೆ ಮೇಲ್ ಕಳಿಸಿದರು. ಇಬ್ಬರು ಬರಲಿಲ್ಲ. ಅವರಲ್ಲಿ ಒಬ್ಬರಿಗೆ ಹೊಸ ಕಡೆ ಮಾತುಕತೆ ನಡೆಯುತ್ತಿದೆ, ಅವರ ಭಯ ನನಗೆ ಅರ್ಥವಾಗುತ್ತದೆ.

ಗೆಳೆಯ ಹೆಂಡತಿಗೆ ಹೇಳಿದ್ದಾನೆ. ಅವತ್ತು ದರ್ಶಿನಿಗೆ ಅವರೂ ಬಂದಿದ್ದರು. ಹಳೆಯ ರೇಟಿಂಗ್ ಪತ್ರಗಳನ್ನೆಲ್ಲ ಒಂದು ಫೈಲ್‌ನಲ್ಲಿ ವರ್ಷದ ಪ್ರಕಾರ ಜೋಡಿಸಿ ತಂದಿದ್ದರು.

ಎಂಟು ಜನರ ಟೀಮ್

ಶಿರಸಿ ಹುಡುಗನಿಗೆ ನಿನ್ನೆ ಫೋನ್ ಮಾಡಿದೆ. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ, ಒಂದು ಹೆಸರು ಬೇಕಿತ್ತು, ನಾನು ನಿನ್ನದು ಕೊಟ್ಟೆ ಅಂತ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, 'ಇದನ್ನು ಬರೆದು ಕೊಡ್ತೀರಾ ಸರ್?' ಅಂತ ಕೇಳಿದ. ಕೊಡುತ್ತೇನೆ ಅಂದಿದ್ದೇನೆ. ಇವತ್ತು ರಾತ್ರಿ ಬರೆಯುತ್ತೇನೆ.

ನಿಮ್ಮ ಗೆಳೆಯನ ಮ್ಯಾನೇಜರ್ ಹತ್ತಿರವೂ ಕೇಳಿ ನೋಡಿ. ಅವರಿಗೂ ನಿದ್ದೆ ಬರುತ್ತಿರಲಿಕ್ಕಿಲ್ಲ.

ಬೆಳ್ಳಂದೂರು ಕೋಡಿ

ಕೇಳುತ್ತೇನೆ. ಸೋಮವಾರ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ದೂರು ಕೊಡಲು ಹೋಗುತ್ತಿದ್ದೇವೆ. ಮೊದಲೇ ಹೋಗಿ ಬಂದವರು ಇದ್ದರೆ ಏನು ತಗೊಂಡು ಹೋಗಬೇಕು ಅಂತ ಹೇಳಿ.

ಸದಸ್ಯತ್ವ ಇದೆ

ದೂರು ಪ್ರತಿಯೊಬ್ಬರದೂ ಬೇರೆ ಬೇರೆ ಇರಲಿ, ಕನ್ನಡದಲ್ಲೇ ಬರೆಯಬಹುದು. ಎಲ್ಲ ಕಾಗದದ ಎರಡೆರಡು ಪ್ರತಿ ಇರಲಿ. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ. ಡೇರಿ ಸರ್ಕಲ್ ಕಡೆಯಿಂದ ಬಂದರೆ ಐಟಿಐ ಕಾಂಪೌಂಡ್ ಒಳಗೆ ಬರಬೇಕು. ಹತ್ತೂವರೆಗೆ ನಾನು ಗೇಟ್ ಹತ್ತಿರ ಇರುತ್ತೇನೆ.